ಪೊಟ್ಟಣದ ಮೇಲೆ ಬರೆಯದ ಶೇಂಗಾ

ಆಲೂಗಡ್ಡೆ ಚಿಪ್ಸಿನಲ್ಲಿ ಹಾಲಿನ ಅಂಶ ಸೇರಿದೆ ಎಂದು ಕಂಪೆನಿಯೊಂದು 6,344 ಪೊಟ್ಟಣಗಳನ್ನು ವಾಪಸ್ ಕರೆಸಿಕೊಂಡಿತು ಅಂದರೆ ನಮ್ಮ ಕಡೆ ನಗುತ್ತಾರೆ. ‘ಹಾಲು ತಾನೆ, ವಿಷ ಏನಲ್ಲವಲ್ಲ’ ಅಂತಾರೆ. ಇದು ನಡೆದದ್ದು ಅಮೆರಿಕದಲ್ಲಿ, 2024ರ ಡಿಸೆಂಬರಿನಲ್ಲಿ. ಲೇಸ್ ಚಿಪ್ಸ್ ಮಾಡುವ ಫ್ರಿಟೊ-ಲೇ ಕಂಪೆನಿ ಆರೆಗನ್ ಮತ್ತು ವಾಷಿಂಗ್ಟನ್ ಎಂಬ ಎರಡು ರಾಜ್ಯಗಳಿಗೆ ಕಳಿಸಿದ್ದ ಮಾಲು ಅದು. ಹಾಲು ಇದೆ ಎಂದು ಪೊಟ್ಟಣದ ಮೇಲೆ ಬರೆದಿರಲಿಲ್ಲ. ಮುಂದಿನ ತಿಂಗಳು ಅಲ್ಲಿನ ಆಹಾರ ಮತ್ತು ಔಷಧ ಇಲಾಖೆ (ಎಫ್‌ಡಿಎ) ಇದನ್ನು ಒಂದನೇ ದರ್ಜೆಯ ಪ್ರಕರಣ ಎಂದು ಗುರುತಿಸಿತು. ಒಂದನೇ ದರ್ಜೆ ಅಂದರೆ ತಿಂದವರ ಪ್ರಾಣಕ್ಕೇ ಅಪಾಯ ಆಗಬಹುದು ಎಂದರ್ಥ. 2025ರ ಮಾರ್ಚಿನಲ್ಲಿ ಅದೇ ಕಂಪೆನಿ ಟೊಸ್ಟಿಟೋಸ್ ಎಂಬ ಮೆಕ್ಕೆಜೋಳದ ಚಿಪ್ಸನ್ನೂ ವಾಪಸ್ ತೆಗೆದುಕೊಂಡಿತು. ಬರೀ ಮೆಕ್ಕೆಜೋಳದ ಚಿಪ್ಸ್ ಇರಬೇಕಾದ ಕೆಲವು ಪೊಟ್ಟಣಗಳಿಗೆ ಚೀಸ್ ಹಾಕಿದ ಚಿಪ್ಸ್ ತುಂಬಿಹೋಗಿತ್ತು.

ನಾನು ಮಳೆ ನಂಬಿ ಶೇಂಗಾ, ತೊಗರಿ, ನವಣೆ ಬೆಳೆಯುವವನು. ಅಮೆರಿಕದ ಚಿಪ್ಸ್ ನನಗ್ಯಾಕೆ ಎಂದು ಮೊದಲು ನನಗೂ ಅನಿಸಿತ್ತು. ಆದರೆ ಮಗಳು ಇಂಥ ಸುದ್ದಿಗಳನ್ನು ಓದಿ ಹೇಳುತ್ತಾ ಹೋದ ಹಾಗೆ ಒಂದು ವಿಷಯ ಕಿವಿಗೆ ಬಿತ್ತು. ಈ ವಾಪಸಾತಿಗಳಲ್ಲಿ ಪದೇ ಪದೇ ಬರುವ ಹೆಸರುಗಳು ಹಾಲು, ಗೋಧಿ, ಶೇಂಗಾ, ಎಳ್ಳು, ಸಾಸಿವೆ, ಸೋಯಾ. ಇವೆಲ್ಲ ಹೊಲದಿಂದ, ಕೊಟ್ಟಿಗೆಯಿಂದ ಹೋದವೇ. ಅದರಲ್ಲೂ ಶೇಂಗಾ, ಎಳ್ಳು, ಸಾಸಿವೆ ನಮ್ಮಂಥ ಖುಷ್ಕಿ ರೈತರ ಬೆಳೆ. ಆದ್ದರಿಂದ ನಾನು ತಿಳಿದುಕೊಂಡಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೈಗೆ ಆಗದಿರುವುದು ಎಂದರೆ

ಕೆಲವರಿಗೆ ಬದನೆಕಾಯಿ ತಿಂದರೆ ಮೈ ಕಡಿತ ಬರುತ್ತದೆ. ‘ನನಗೆ ಅದು ಆಗೋದಿಲ್ಲ’ ಅಂತ ಬಿಡುತ್ತಾರೆ. ಇದೇ ಅಲರ್ಜಿ. ನಮ್ಮ ರಕ್ತದಲ್ಲಿ ರೋಗಾಣುಗಳ ಮೇಲೆ ಹೋರಾಡಲು ಒಂದು ಕಾವಲು ಪಡೆ ಇದೆ. ಅದು ಯಾವುದೋ ಆಹಾರದ ಪ್ರೋಟೀನನ್ನು ಶತ್ರು ಎಂದು ತಪ್ಪು ತಿಳಿದು ಮೈಮೇಲೆ ಯುದ್ಧ ಹೂಡುತ್ತದೆ. ಹೆಚ್ಚಿನವರಿಗೆ ದದ್ದು, ತುರಿಕೆಗೆ ಮುಗಿಯುತ್ತದೆ. ಕೆಲವರಿಗೆ ತುಟಿ, ನಾಲಿಗೆ, ಗಂಟಲು ಊದಿಕೊಂಡು ಉಸಿರು ಕಟ್ಟುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಕೆಲವೇ ನಿಮಿಷದಲ್ಲಿ ಜೀವ ಹೋಗಬಹುದು.

ನಮ್ಮಲ್ಲಿ ಇದು ಕಡಿಮೆ, ಆದರೆ ಇಲ್ಲವೇ ಇಲ್ಲ ಎಂದಲ್ಲ. ಕರ್ನಾಟಕದಲ್ಲೇ ವಯಸ್ಕರ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ನೂರಕ್ಕೆ 1.2 ಜನರಿಗೆ ಆಹಾರದ ಅಲರ್ಜಿ ಇರಬಹುದೆಂದು ಕಂಡಿತು. ಸಾವಿರ ಜನರ ಊರಿದ್ದರೆ ಹತ್ತು ಹನ್ನೆರಡು ಜನ ಆಯಿತು.

ಗೋಧಿಯದು ಇನ್ನೊಂದು ಬಗೆ. ಸೀಲಿಯಾಕ್ ಎಂಬ ಕಾಯಿಲೆ ಇದ್ದವರಿಗೆ ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಪ್ರೋಟೀನು ಕರುಳನ್ನು ನಿಧಾನವಾಗಿ ಹಾಳು ಮಾಡುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ, ಮಕ್ಕಳು ಬೆಳೆಯುವುದಿಲ್ಲ. ಅಂಥವರಿಗೆ ರಾಗಿ, ನವಣೆ, ಸಜ್ಜೆ, ಜೋಳವೇ ಗತಿ. ಇವುಗಳಲ್ಲಿ ಗ್ಲುಟೆನ್ ಇಲ್ಲ.

ಎಷ್ಟು ತಿಂದರೆ ತೊಂದರೆ ಎಂಬ ಲೆಕ್ಕ ಕೇಳಿ ನನಗೆ ಆಶ್ಚರ್ಯ ಆಯಿತು. ವಿಶ್ವಸಂಸ್ಥೆಯ ಕೃಷಿ ಮತ್ತು ಆರೋಗ್ಯ ಸಂಸ್ಥೆಗಳು ಕರೆದಿದ್ದ ತಜ್ಞರು 2021ರಲ್ಲಿ ಶೇಂಗಾಕ್ಕೆ ಒಂದು ಅಳತೆ ಗೊತ್ತು ಮಾಡಿದರು. 2 ಮಿಲಿಗ್ರಾಂ ಶೇಂಗಾ ಪ್ರೋಟೀನು. ಶೇಂಗಾ ಆಗದ ನೂರು ಜನರಲ್ಲಿ ಸುಮಾರು 95 ಜನಕ್ಕೆ ಅಷ್ಟರಿಂದ ಏನೂ ಆಗದು, ಐದು ಜನಕ್ಕೆ ಆಗಬಹುದು. ಈಗ ನಮ್ಮ ಲೆಕ್ಕ ನೋಡಿ. ನಮ್ಮ ಕಡೆಯ ಸಣ್ಣ ಬೀಜದ ಟಿಎಂವಿ-2 ತಳಿಯ ನೂರು ಬೀಜ ತೂಗಿದರೆ 30-35 ಗ್ರಾಂ ಬರುತ್ತದೆ. ಒಂದು ಬೀಜ ಸುಮಾರು 330 ಮಿಲಿಗ್ರಾಂ. ಅದರಲ್ಲಿ ಕಾಲು ಭಾಗ ಪ್ರೋಟೀನು ಅಂದರೆ 80 ಮಿಲಿಗ್ರಾಂ. ಹಾಗಾದರೆ ಒಂದು ಶೇಂಗಾ ಬೀಜವನ್ನು ನಲವತ್ತು ಪಾಲು ಮಾಡಿ, ಅದರಲ್ಲಿ ಒಂದು ಪಾಲು ತಿಂದರೆ 2 ಮಿಲಿಗ್ರಾಂ ಹೊಟ್ಟೆಗೆ ಹೋದ ಹಾಗೆ. ಹುರಿದರೂ ಕರಿದರೂ ಈ ಗುಣ ಹೋಗುವುದಿಲ್ಲ. ಮೊರದಲ್ಲಿ ಉಳಿದ ನುಚ್ಚು, ಚೀಲದ ಮೂಲೆಯ ಧೂಳು ಅಂತ ನಾವು ಲೆಕ್ಕಕ್ಕೇ ಇಡದಿರುವುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಮಾಲು ವಾಪಸ್ ಕರೆಸುವುದು ಹೇಗೆ

ಇಂಗ್ಲಿಷಿನಲ್ಲಿ ಇದಕ್ಕೆ ರೀಕಾಲ್ ಅನ್ನುತ್ತಾರೆ. ಕೆಟ್ಟ ಮಾಲು, ಕ್ರಿಮಿ ಸೇರಿದ ಮಾಲು, ಗಾಜಿನ ಚೂರು ಬಿದ್ದ ಮಾಲನ್ನೂ ಹೀಗೆ ವಾಪಸ್ ಕರೆಸುತ್ತಾರೆ. ಆದರೆ ಅಮೆರಿಕದಲ್ಲೂ ಆಸ್ಟ್ರೇಲಿಯಾದಲ್ಲೂ ಆಹಾರ ವಾಪಸಾತಿಗೆ ದೊಡ್ಡ ಕಾರಣ ಅದಲ್ಲ. ಚೀಟಿಯ ಮೇಲೆ ಬರೆಯದ ಅಲರ್ಜಿಯ ಪದಾರ್ಥವೇ ದೊಡ್ಡ ಕಾರಣ. ಮಾಲು ಚೆನ್ನಾಗಿಯೇ ಇರುತ್ತದೆ, ರುಚಿಯಾಗಿಯೂ ಇರುತ್ತದೆ. ನೂರರಲ್ಲಿ 98 ಜನ ತಿಂದು ಅರಗಿಸಿಕೊಳ್ಳುತ್ತಾರೆ. ಉಳಿದವರಿಗೆ ಅದರ ಮೇಲಿನ ಬರಹ ಬಿಟ್ಟರೆ ಬೇರೆ ರಕ್ಷಣೆ ಇಲ್ಲ.

ವಾಪಸ್ ಕರೆಸಬೇಕಾದರೆ ಯಾವ ಮಾಲು ಎಂದು ಗೊತ್ತಾಗಬೇಕು. ಅದಕ್ಕೇ ಪೊಟ್ಟಣದ ಮೇಲೆ ಬ್ಯಾಚ್ ನಂಬರು ಇರುವುದು. ನಮಗೆ ಇದು ಹೊಸತಲ್ಲ. ಪ್ರಮಾಣಿತ ಬೀಜದ ಚೀಲಕ್ಕೆ ಕಟ್ಟಿದ ಚೀಟಿಯಲ್ಲಿ ಲಾಟ್ ನಂಬರು ಇರುತ್ತದಲ್ಲ? ಬೀಜ ಹುಟ್ಟದಿದ್ದರೆ ಆ ಚೀಟಿ ಹಿಡಿದುಕೊಂಡೇ ಅಲ್ಲವೇ ನಾವು ರೈತ ಸಂಪರ್ಕ ಕೇಂದ್ರಕ್ಕೆ ಹೋಗುವುದು? ಆ ಲಾಟ್ ಎಲ್ಲಿ ಬೆಳೆದದ್ದು, ಎಲ್ಲೆಲ್ಲಿಗೆ ಹೋಯಿತು ಎಂದು ಹುಡುಕುವುದಕ್ಕೆ ಅದೇ ದಾರಿ. ಚೀಟಿ ಇಲ್ಲದ ಚೀಲಕ್ಕೆ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ನಮ್ಮ ದೇಶದಲ್ಲೂ ಕಾನೂನಿದೆ. 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲೇ ಮಾಲು ವಾಪಸ್ ಕರೆಸುವ ವಿಷಯ ಇದೆ. ಅದನ್ನು ಹೇಗೆ ಮಾಡಬೇಕೆಂದು 2017ರಲ್ಲಿ ಪ್ರತ್ಯೇಕ ನಿಯಮಗಳೇ ಬಂದವು.

ಸಾಸಿವೆಯೊಳಗೆ ಶೇಂಗಾ, ಜೀರಿಗೆಯೊಳಗೆ ಶೇಂಗಾ

ಎರಡು ಪ್ರಕರಣಗಳು ರೈತರಾದ ನಮಗೆ ಹತ್ತಿರದವು.

ಮೊದಲನೆಯದು 2014ರ ಕೊನೆಯಲ್ಲಿ ಅಮೆರಿಕದಲ್ಲಿ ಶುರುವಾಯಿತು. ಪುಡಿ ಮಾಡಿದ ಜೀರಿಗೆಯಲ್ಲಿ ಶೇಂಗಾ ಪ್ರೋಟೀನು ಸಿಕ್ಕಿತು. ಜೀರಿಗೆ ಪುಡಿ ಒಂದೇ ಕಡೆ ನಿಲ್ಲುವ ಪದಾರ್ಥ ಅಲ್ಲ. ಅದು ಮಸಾಲೆಗೆ ಹೋಗುತ್ತದೆ, ಮಸಾಲೆ ಸೂಪಿಗೆ, ಮಾಂಸದ ಅಡುಗೆಗೆ, ಕುರುಕಲು ತಿಂಡಿಗೆ ಹೋಗುತ್ತದೆ. 2015ರ ಮೊದಲ ತಿಂಗಳುಗಳಲ್ಲಿ ನೂರಾರು ಬಗೆಯ ಮಾಲನ್ನು ಅಂಗಡಿಗಳಿಂದ ತೆಗೆಯಬೇಕಾಯಿತು. ಶೇಂಗಾ ಆಗದವರು ಜೀರಿಗೆ ಪುಡಿ ಹಾಕಿದ ಪದಾರ್ಥಗಳಿಂದ ದೂರ ಇರಿ ಎಂದು ಎಫ್‌ಡಿಎ ಎಚ್ಚರಿಕೆ ಕೊಟ್ಟಿತು. ಅದೇ ಹೊತ್ತಿಗೆ ಬ್ರಿಟನ್ನಿನಲ್ಲಿ ಜೀರಿಗೆಯಲ್ಲಿ ಬಾದಾಮಿ ಇದೆ ಎಂದು ಒಂದು ಮಾಲನ್ನು ತೆಗೆಸಿದರು. ಆಮೇಲೆ ಅಲ್ಲಿನ ಸರಕಾರಿ ಪ್ರಯೋಗಾಲಯ ಮತ್ತೆ ಕೂಲಂಕಷವಾಗಿ ನೋಡಿದಾಗ ಅದು ಬಾದಾಮಿ ಅಲ್ಲ, ಅದರ ನೆಂಟನಾದ ಮಹಲೆಬ್ ಎಂಬ ಚೆರ್ರಿ ಜಾತಿಯ ಬೀಜ ಎಂದು ತಿಳಿಯಿತು. ಹೀಗೆ ಪರೀಕ್ಷೆಯೂ ಒಮ್ಮೊಮ್ಮೆ ಏಮಾರುತ್ತದೆ.

ಎರಡನೆಯದು 2024ರ ಸೆಪ್ಟೆಂಬರಿನದು. ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ, ಶೇಂಗಾ ಆಗದವರು ಸಾಸಿವೆ ಇರುವ ಯಾವ ಪದಾರ್ಥವನ್ನೂ ಸದ್ಯಕ್ಕೆ ತಿನ್ನಬೇಡಿ ಎಂದು ಹೇಳಿತು. ಸಾಸಿವೆ ಪುಡಿಯಲ್ಲಿ ಶೇಂಗಾ ಸೇರಿರುವ ಅನುಮಾನ. ಸ್ಯಾಂಡ್‌ವಿಚ್, ಸಾಸ್, ಸಲಾಡ್, ಅದ್ದಿಕೊಂಡು ತಿನ್ನುವ ಗೊಜ್ಜು ಹೀಗೆ ಹತ್ತಾರು ಮಾಲು ವಾಪಸ್ ಬಂದವು. ಹುಡುಕುತ್ತಾ ಹೋದಾಗ ಆ ಸಾಸಿವೆ ಭಾರತದಿಂದ ಹೋದದ್ದು ಎಂದು ಅವರು ತಿಳಿಸಿದರು.

ಈ ಸುದ್ದಿ ಕೇಳಿದಾಗ ನನ್ನ ತಮ್ಮ, ‘ಸಾಸಿವೆಗೂ ಶೇಂಗಾಕ್ಕೂ ಎಲ್ಲಿಯ ಸಂಬಂಧ ಅಣ್ಣಾ?’ ಅಂದ. ಸಂಬಂಧ ನಮ್ಮ ಹೊಲದಲ್ಲೇ ಐತಲ್ಲೋ ಅಂದೆ.

ಬೆರೆಯುವ ಜಾಗಗಳು

ಹೊಲದಿಂದ ಪೊಟ್ಟಣದ ತನಕ ಎಲ್ಲೆಲ್ಲಿ ಬೆರೆಯುತ್ತದೆ ನೋಡೋಣ.

ಹೊಲ: ಶೇಂಗಾದ ನಡುವೆ ತೊಗರಿ, ಅಲಸಂದೆ, ಸಾಸಿವೆ, ಎಳ್ಳು ಅಕ್ಕಡಿ ಹಾಕುವುದು ನಮ್ಮ ಹಿರಿಯರ ಪದ್ಧತಿ. ಒಂದು ಹೋದರೆ ಇನ್ನೊಂದು ಕೈಹಿಡಿಯುತ್ತದೆ. ಇದನ್ನು ಬಿಡಿ ಎಂದು ನಾನು ಹೇಳುವುದಿಲ್ಲ, ಯಾರು ಹೇಳಿದರೂ ಕೇಳಬೇಡಿ. ಖುಷ್ಕಿಯವನಿಗೆ ಅಕ್ಕಡಿಯೇ ವಿಮೆ. ಹೊಲದಲ್ಲಿ ಬೆರೆತಿದ್ದರೆ ತಪ್ಪೇನಿಲ್ಲ. ಕೊಯ್ಲಿನಲ್ಲಿ ಬೇರೆ ಬೇರೆ ಆಗಬೇಕು ಅಷ್ಟೆ.

ಕಣ: ಮೊದಲು ಒಂದೊಂದು ಬೆಳೆಗೂ ಕಣ ಗುಡಿಸಿ, ಸಗಣಿ ಸಾರಿಸಿ ಒಕ್ಕುತ್ತಿದ್ದೆವು. ಈಗ ಬಾಡಿಗೆ ಮಿಷನ್ ಬರುತ್ತದೆ. ಒಬ್ಬರ ಹೊಲದ ತೊಗರಿ ಬಡಿದು ಇನ್ನೊಬ್ಬರ ನವಣೆಗೆ ಬರುತ್ತದೆ. ಹೊಟ್ಟೆಯೊಳಗೆ ಹಿಂದಿನವರ ಕಾಳು ಇದ್ದೇ ಇರುತ್ತದೆ. ಬಾಡಿಗೆ ಗಂಟೆಯ ಲೆಕ್ಕ, ಹಾಗಾಗಿ ಯಾರೂ ಮಿಷನ್ ಖಾಲಿ ಓಡಿಸುವುದಿಲ್ಲ.

ಚೀಲ: ಶೇಂಗಾ ತುಂಬಿದ ಗೋಣಿಚೀಲವನ್ನು ಕೊಡವಿ ಸಾಸಿವೆ ತುಂಬುತ್ತೇವೆ. ಗೋಣಿಯ ನೂಲಿನ ಸಂದಿಯಲ್ಲಿ ಶೇಂಗಾದ ಕೆಂಪು ಸಿಪ್ಪೆ ಅಂಟಿರುತ್ತದೆ. ಎಷ್ಟು ಕೊಡವಿದರೂ ಪೂರ್ತಿ ಹೋಗುವುದಿಲ್ಲ.

ಮಂಡಿ: ಅಲ್ಲಿ ರಾಶಿಯ ಪಕ್ಕ ರಾಶಿ. ಸಂಜೆ ಗುಡಿಸಿದ್ದನ್ನೂ ಒಂದು ಚೀಲಕ್ಕೆ ತುಂಬುತ್ತಾರೆ. ಅದೂ ಎಲ್ಲೋ ಒಂದು ಕಡೆ ಮಾರಾಟ ಆಗುತ್ತದೆ.

ಗಿರಣಿ: ಇದು ನಮ್ಮ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಖಾರದಪುಡಿ ಬೀಸಿದ ಹಿಂದೆಯೇ ಯಾರೂ ರಾಗಿ ಸುರಿಯುವುದಿಲ್ಲ. ಸುರಿದರೆ ಆ ದಿನ ಮುದ್ದೆ ಉಂಡವರ ಬಾಯಿ ಉರಿಯುತ್ತದೆ. ಖಾರವಾದರೆ ನಾಲಿಗೆಗೆ ತಿಳಿಯುತ್ತದೆ. ಗೋಧಿ ಬೀಸಿದ ಹಿಂದೆ ನವಣೆ ಬೀಸಿದರೆ ಯಾರ ನಾಲಿಗೆಗೂ ತಿಳಿಯುವುದಿಲ್ಲ. ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಹುಟ್ಟಿನಿಂದ ಗ್ಲುಟೆನ್ ಇಲ್ಲದ ಧಾನ್ಯ, ಹಿಟ್ಟುಗಳ 22 ಮಾದರಿ ನೋಡಿದರು. 7ರಲ್ಲಿ ಗ್ಲುಟೆನ್ ಮಿತಿಗಿಂತ ಹೆಚ್ಚಿತ್ತು. ಕಿಲೋಗೆ 20 ಮಿಲಿಗ್ರಾಂ ದಾಟಿದರೆ ಅದನ್ನು ಗ್ಲುಟೆನ್ ಇಲ್ಲದ್ದು ಎಂದು ಮಾರುವ ಹಾಗಿಲ್ಲ. ನಮ್ಮ ದೇಶದಲ್ಲೂ ಇದೇ ಮಿತಿ. ಸಿರಿಧಾನ್ಯ ಬೆಳೆದು ‘ಗ್ಲುಟೆನ್ ಇಲ್ಲ’ ಎಂದು ಅಚ್ಚು ಹಾಕಿಸಿ ಮಾರುವ ಗೆಳೆಯರು ಇದನ್ನು ನೆನಪಿಡಬೇಕು. ನವಣೆಯಲ್ಲಿ ಇಲ್ಲದಿದ್ದರೂ ಗಿರಣಿಯ ಕಲ್ಲಿನಲ್ಲಿ ಇರುತ್ತದೆ.

ಕಾರ್ಖಾನೆ: ಒಂದೇ ಸಾಲಿನ ಮಿಷನ್ನಿನಲ್ಲಿ ಬೆಳಿಗ್ಗೆ ಶೇಂಗಾ ಹಾಕಿದ ಖಾರ, ಮಧ್ಯಾಹ್ನ ಶೇಂಗಾ ಇಲ್ಲದ ಖಾರ ತಯಾರಾಗುತ್ತದೆ. ಕರಿದ ಎಣ್ಣೆ ಅದೇ. ಕೆಲವೊಮ್ಮೆ ಪೊಟ್ಟಣವೇ ಅದಲು ಬದಲು. ಮೇಲೆ ಹೇಳಿದ ಟೊಸ್ಟಿಟೋಸ್ ಅಂಥದು. ಇನ್ನು ಕೆಲವೊಮ್ಮೆ ಮಸಾಲೆ ಕೊಡುವವರು ಬದಲಾಗುತ್ತಾರೆ, ಹಳೆಯ ಅಚ್ಚಿನ ಪೊಟ್ಟಣ ಮುಗಿಯುವ ತನಕ ಅದನ್ನೇ ಬಳಸುತ್ತಾರೆ.

ಪದಾರ್ಥದೊಳಗಿನ ಪದಾರ್ಥ: ಇದಕ್ಕೆ ನಮ್ಮ ಅಡುಗೆಮನೆಯ ಇಂಗೇ ಉದಾಹರಣೆ. ಅಪ್ಪಟ ಇಂಗು ಬಹಳ ಘಾಟು, ಅಂಟು. ಅಂಗಡಿಯಲ್ಲಿ ಸಿಗುವ ಡಬ್ಬಿಯ ಇಂಗಿಗೆ ಹಿಟ್ಟು, ಗೋಂದು ಬೆರೆಸಿರುತ್ತಾರೆ. ಬಹಳ ಕಡೆ ಆ ಹಿಟ್ಟು ಗೋಧಿಯದು, ಇಲ್ಲವೇ ಮೈದಾ. ಈಗ ಅಕ್ಕಿಹಿಟ್ಟು ಹಾಕಿದ ಇಂಗೂ ಬರುತ್ತಿದೆ. ಬರೀ ಅಕ್ಕಿಹಿಟ್ಟಿನ ಚಕ್ಕುಲಿ, ಗೋಧಿ ಮುಟ್ಟಿಯೇ ಇಲ್ಲ ಎಂದು ನೀವು ಆಣೆ ಮಾಡಬಹುದು. ಆದರೆ ಚಿಟಿಕೆ ಇಂಗಿನ ಜೊತೆ ಗೋಧಿ ಒಳಗೆ ಹೋಗಿರುತ್ತದೆ. ಡಬ್ಬಿ ತಿರುಗಿಸಿ ಓದಿದರೆ ತಿಳಿಯುತ್ತದೆ.

ಎಳ್ಳಿನ ಕತೆ

2016ರ ಜುಲೈನಲ್ಲಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ನತಾಶಾ ಎಡ್ನಾನ್-ಲ್ಯಾಪರೂಸ್ ಎಂಬ 15 ವರ್ಷದ ಹುಡುಗಿ ಪ್ರೆಟ್ ಎ ಮಾಂಜೆ ಎಂಬ ಅಂಗಡಿಯಲ್ಲಿ ಬ್ರೆಡ್ಡಿನ ತಿಂಡಿ ಕೊಂಡು ತಿಂದಳು. ಅವಳಿಗೆ ಎಳ್ಳು ಆಗುತ್ತಿರಲಿಲ್ಲ. ಪೊಟ್ಟಣದ ಮೇಲೆ ಎಳ್ಳು ಎಂದು ಬರೆದಿರಲಿಲ್ಲ. ಎಳ್ಳು ಮೇಲೆ ಉದುರಿಸಿದ್ದಲ್ಲ, ಹಿಟ್ಟಿನೊಳಗೇ ಸೇರಿತ್ತು. ಕಣ್ಣಿಗೂ ಕಾಣುವ ಹಾಗಿರಲಿಲ್ಲ. ವಿಮಾನದಲ್ಲಿ ಅವಳಿಗೆ ಉಸಿರು ಕಟ್ಟಿತು. ತಂದೆ ಎರಡು ಸಲ ಔಷಧದ ಚುಚ್ಚುಮದ್ದು ಕೊಟ್ಟರೂ ಉಳಿಯಲಿಲ್ಲ.

ಅಂಗಡಿಯಲ್ಲೇ ತಯಾರಿಸಿ ಅಲ್ಲೇ ಕಟ್ಟಿ ಮಾರುವ ತಿಂಡಿಗೆ ಪೂರ್ತಿ ವಿವರ ಬರೆಯಬೇಕಾಗಿಲ್ಲ ಎಂದು ಆಗ ಅಲ್ಲಿ ಕಾನೂನಿತ್ತು. ತಂದೆ ತಾಯಿ ಸುಮ್ಮನೆ ಕೂರಲಿಲ್ಲ. ಅವರ ಹೋರಾಟದಿಂದ ಕಾನೂನು ಬದಲಾಗಿ 2021ರ ಅಕ್ಟೋಬರ್ 1ರಿಂದ ಅಂಥ ತಿಂಡಿಗೂ ಎಲ್ಲ ಪದಾರ್ಥ ಬರೆಯಬೇಕೆಂದಾಯಿತು. ಜನ ಅದನ್ನು ನತಾಶಾಳ ಕಾನೂನು ಎಂದೇ ಕರೆಯುತ್ತಾರೆ.

ಅಮೆರಿಕದಲ್ಲಿ ಮೊದಲು ಎಂಟು ಪದಾರ್ಥಗಳ ಹೆಸರು ಬರೆಯುವುದು ಕಡ್ಡಾಯವಾಗಿತ್ತು. ಒಂಬತ್ತನೆಯದಾಗಿ ಎಳ್ಳು 2023ರ ಜನವರಿ 1ರಿಂದ ಸೇರಿತು. ಆಗ ಒಂದು ವಿಚಿತ್ರ ಆಯಿತು. ಕೆಲವು ಬ್ರೆಡ್ ಕಂಪೆನಿಗಳಿಗೆ ಮಿಷನ್ನನ್ನು ಪೂರ್ತಿ ತೊಳೆದು ಎಳ್ಳು ಇಲ್ಲದ ಹಾಗೆ ನೋಡಿಕೊಳ್ಳುವುದು ದುಬಾರಿ ಅನಿಸಿತು. ಅವರು ಮೊದಲು ಎಳ್ಳು ಇಲ್ಲದಿದ್ದ ಬ್ರೆಡ್ಡಿಗೂ ಬೇಕೆಂದೇ ಸ್ವಲ್ಪ ಎಳ್ಳಿನ ಹಿಟ್ಟು ಸೇರಿಸಿ, ‘ಎಳ್ಳು ಇದೆ’ ಎಂದು ಬರೆದುಬಿಟ್ಟರು. ಕಾನೂನಿನ ಪ್ರಕಾರ ಬರಹ ಸರಿಯಾಯಿತು. ಎಳ್ಳು ಆಗದವರು ಇಷ್ಟು ದಿನ ತಿನ್ನುತ್ತಿದ್ದ ಬ್ರೆಡ್ಡೂ ತಪ್ಪಿತು. ಕಾನೂನು ಎಷ್ಟೇ ಬಿಗಿ ಮಾಡಿದರೂ ಮಾಡುವವರಿಗೆ ತಿನ್ನುವವರ ಮೇಲೆ ಕಾಳಜಿ ಇಲ್ಲದಿದ್ದರೆ ಹೀಗಾಗುತ್ತದೆ.

ನಮ್ಮಲ್ಲಿ ಏನು ಬರೆಯಬೇಕು

ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್ಎಸ್ಎಸ್ಎಐ) 2020ರ ಲೇಬಲ್ ನಿಯಮದಲ್ಲಿ ಎಂಟು ಬಗೆ ಇವೆ. ಗೋಧಿ, ಬಾರ್ಲಿಯಂಥ ಗ್ಲುಟೆನ್ ಇರುವ ಧಾನ್ಯ, ಸಿಗಡಿ, ಏಡಿ ಜಾತಿ, ಹಾಲು, ಮೊಟ್ಟೆ, ಮೀನು, ಶೇಂಗಾ ಮತ್ತು ಗೋಡಂಬಿ, ಬಾದಾಮಿಯಂಥ ಮರದ ಬೀಜಗಳು, ಸೋಯಾ, ಮತ್ತು ಕಿಲೋಗೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸಲ್ಫೈಟ್ ಎಂಬ ರಾಸಾಯನಿಕ. ಇವುಗಳಲ್ಲಿ ಯಾವುದು ಹಾಕಿದ್ದರೂ ‘ಇದರಲ್ಲಿ ಇಂಥದು ಇದೆ’ ಎಂದು ಬರೆಯಬೇಕು. ಹಾಕಿಲ್ಲ, ಆದರೆ ಸೇರಿರಬಹುದು ಎನ್ನುವಂತಿದ್ದರೆ ‘ಇರಬಹುದು’ ಎಂದು ಬರೆಯಬೇಕು.

ಈ ಎಂಟರಲ್ಲಿ ಎಳ್ಳು, ಸಾಸಿವೆ ಇಲ್ಲ. ಬ್ರಿಟನ್ ಮತ್ತು ಯುರೋಪಿನ ಪಟ್ಟಿಯಲ್ಲಿ 14 ಬಗೆ ಇದ್ದು, ಎಳ್ಳು, ಸಾಸಿವೆ ಎರಡೂ ಇವೆ. ಇಲ್ಲಿಂದ ಅಲ್ಲಿಗೆ ಹೋಗುವ ಖಾರ, ಚಕ್ಕುಲಿ, ಉಪ್ಪಿನಕಾಯಿಗೆ ಅಲ್ಲಿನ ಪಟ್ಟಿಯೇ ಅನ್ವಯ. ಇಲ್ಲಿಯ ಪೊಟ್ಟಣವನ್ನೇ ಅಲ್ಲಿಗೆ ಕಳಿಸಿದರೆ ಸಾಲದು.

ಕಾನೂನು ಕೇಳದಿದ್ದರೂ ಎಳ್ಳು, ಸಾಸಿವೆ ಬರೆಯುವುದಕ್ಕೆ ಯಾರೂ ಅಡ್ಡ ಬರುವುದಿಲ್ಲ. ‘ಇರಬಹುದು’ ಎಂಬ ಮಾತಿನ ಬಗ್ಗೆ ಒಂದು ಮಾತು. ಕೆಲವರು ಎಲ್ಲ ಪೊಟ್ಟಣಕ್ಕೂ ಎಂಟಕ್ಕೆ ಎಂಟೂ ಇರಬಹುದು ಎಂದು ಅಚ್ಚು ಹಾಕಿಸಿಬಿಡುತ್ತಾರೆ. ಅದು ತಮ್ಮ ತಲೆ ಉಳಿಸಿಕೊಳ್ಳುವ ದಾರಿ. ಅಂಥದ್ದನ್ನು ಓದಿ ಓದಿ ಜನ ಎಚ್ಚರಿಕೆಯನ್ನೇ ನಂಬದ ಹಾಗಾಗುತ್ತಾರೆ.

ನಮ್ಮೂರ ಸಂಘದಲ್ಲಿ

ನಮ್ಮೂರ ಹೆಣ್ಣುಮಕ್ಕಳ ಸಂಘದವರು ಶೇಂಗಾ ಚಟ್ನಿಪುಡಿ, ಶೇಂಗಾ ಚಿಕ್ಕಿ, ನವಣೆ ಚಕ್ಕುಲಿ, ನಿಪ್ಪಟ್ಟು ಮಾಡಿ ಮಾರುತ್ತಾರೆ. ನನ್ನ ಹೆಂಡತಿ, ತಮ್ಮನ ಹೆಂಡತಿ ಇಬ್ಬರೂ ಇದ್ದಾರೆ. ಮಂಡಿಯಲ್ಲಿ ಶೇಂಗಾಕ್ಕೆ ಬೆಲೆ ಬಿದ್ದ ವರ್ಷ ನಮ್ಮ ಮನೆ ನಡೆಯುವುದಕ್ಕೆ ಈ ಚಟ್ನಿಪುಡಿಯೂ ಆಸರೆಯಾಗಿದೆ.

ಒಂದು ಸಲ ದಾವಣಗೆರೆಯಿಂದ ಒಬ್ಬ ತಾಯಿ ಫೋನು ಮಾಡಿದರು. ಮಗನಿಗೆ ಶೇಂಗಾ ಆಗುವುದಿಲ್ಲವಂತೆ, ಒಮ್ಮೆ ಆಸ್ಪತ್ರೆ ಸೇರಿ ಬದುಕಿದ ಹುಡುಗ. ‘ನಿಮ್ಮ ನವಣೆ ಚಕ್ಕುಲೀಲಿ ಶೇಂಗಾ ಐತೇನಮ್ಮಾ?’ ಎಂದು ಕೇಳಿದರು. ತಮ್ಮನ ಹೆಂಡತಿ, ‘ಹಾಕಂಗಿಲ್ಲ ಅಕ್ಕಾ. ಆದ್ರೆ ನಿಪ್ಪಟ್ಟು ಕರಿಯೋ ಬಾಣಲೇಲೇ ಕರೀತೀವಿ, ನಿಪ್ಪಟ್ಟಿಗೆ ಶೇಂಗಾ ಹಾಕ್ತೀವಿ. ನಿಮ್ಮ ಹುಡುಗನಿಗೆ ಕೊಡಬೇಡಿ’ ಅಂದಳು. ಆ ತಾಯಿ ಐದು ಕಿಲೋ ಕೇಳಲು ಮಾಡಿದ ಫೋನು ಅದು. ವ್ಯಾಪಾರ ಹೋಯಿತು. ಸಂಘದಲ್ಲಿ ಒಂದಿಬ್ಬರು, ‘ಹಾಕಿಲ್ಲ ಅಂದಿದ್ರೆ ಸಾಕಿತ್ತಲ್ಲ’ ಅಂತ ಗೊಣಗಿದರಂತೆ. ಹಾಕಿಲ್ಲ ಎಂಬುದು ಸುಳ್ಳಲ್ಲ. ಆದರೆ ಆ ಹುಡುಗನಿಗೆ ಬೇಕಾಗಿದ್ದ ನಿಜ ಬಾಣಲೆಯದು.

ಆಮೇಲೆ ಅವರು ಕೆಲಸದ ಕ್ರಮ ಬದಲಿಸಿದರು. ಖರ್ಚು ಹೆಚ್ಚೇನೂ ಆಗಲಿಲ್ಲ. ವಾರದ ಮೊದಲ ದಿನ, ತೊಳೆದ ಬಾಣಲೆಯಲ್ಲಿ ಹೊಸ ಎಣ್ಣೆ ಹಾಕಿ ಚಕ್ಕುಲಿ. ನಿಪ್ಪಟ್ಟು ಆಮೇಲೆ. ಚಿಕ್ಕಿ, ಚಟ್ನಿಪುಡಿ ಕೊನೆಗೆ. ಶೇಂಗಾಕ್ಕೆ ಮುಟ್ಟುವ ಮೊರ, ಜರಡಿ, ಸೌಟಿಗೆ ಕೆಂಪು ಬಣ್ಣ ಬಳಿದು ಬೇರೆ ಇಟ್ಟರು. ಚೀಟಿಯನ್ನೂ ಹೊಸದಾಗಿ ಅಚ್ಚು ಹಾಕಿಸಿದರು. ನವಣೆ ಚಕ್ಕುಲಿಯ ಚೀಟಿ ಈಗ ಹೀಗಿದೆ:

‘ನವಣೆ ಹಿಟ್ಟು, ಅಕ್ಕಿ ಹಿಟ್ಟು, ಸೂರ್ಯಕಾಂತಿ ಎಣ್ಣೆ, ಹುರಿಗಡಲೆ ಹಿಟ್ಟು, ಬೆಣ್ಣೆ, ಎಳ್ಳು, ಉಪ್ಪು, ಜೀರಿಗೆ, ಇಂಗು (ಗೋಧಿ ಹಿಟ್ಟು ಸೇರಿದೆ). ಇದರಲ್ಲಿ ಹಾಲು, ಗೋಧಿ, ಎಳ್ಳು ಇದೆ. ಶೇಂಗಾ ಇರಬಹುದು, ಶೇಂಗಾ ತಿಂಡಿ ಮಾಡುವ ಜಾಗದಲ್ಲೇ ತಯಾರಿಸಿದ್ದು.’

ಇಷ್ಟೆಲ್ಲ ಮಾಡಿದ ಮೇಲೂ ಶೇಂಗಾ ಇರಬಹುದು ಎಂದೇ ಬರೆದಿದ್ದಾರೆ, ಯಾಕೆಂದರೆ ಮನೆ ಒಂದೇ. ಪದಾರ್ಥಗಳನ್ನು ತೂಕದಲ್ಲಿ ಹೆಚ್ಚಿರುವುದು ಮೊದಲು, ಕಡಿಮೆ ಇರುವುದು ಕೊನೆಗೆ ಬರೆಯಬೇಕು ಎಂಬುದೂ ನಿಯಮ. ಬ್ಯಾಚ್ ನಂಬರು ಕಷ್ಟ ಅಂದುಕೊಂಡಿದ್ದರು. ಕರಿದ ದಿನದ ತಾರೀಕನ್ನೇ ನಂಬರು ಮಾಡಿ, ಒಂದು ನೋಟುಬುಕ್ಕಿನಲ್ಲಿ ಆ ದಿನದ ಹಿಟ್ಟು ಯಾರದು, ಇಂಗು ಯಾವುದು, ಮಾಲು ಯಾವ ಅಂಗಡಿಗೆ ಹೋಯಿತು ಎಂದು ಬರೆದಿಡುತ್ತಾರೆ. ನಾಳೆ ಏನಾದರೂ ಎಡವಟ್ಟಾದರೆ ಮೂರು ಫೋನಿನಲ್ಲಿ ಮಾಲು ನಿಲ್ಲಿಸಬಹುದು. ದೊಡ್ಡ ಕಂಪೆನಿ ಮಾಡುವುದೂ ಇದನ್ನೇ.

ನಾವು ಮಾಡಬಹುದಾದದ್ದು

1. ಅಕ್ಕಡಿ ಬೆಳೆಯನ್ನು ಬೇರೆ ಬೇರೆ ದಿನ ಕೊಯ್ದು, ಬೇರೆ ಗುಡ್ಡೆ ಹಾಕಿ. ಕಣ ಗುಡಿಸಿದ ಕಾಳನ್ನು ಮಾರುವ ರಾಶಿಗೆ ಸೇರಿಸಬೇಡಿ, ಕೋಳಿಗೆ ಹಾಕಿ.

2. ಒಕ್ಕಣೆ ಮಿಷನ್ ಬಂದಾಗ ಐದು ನಿಮಿಷ ಖಾಲಿ ಓಡಿಸಿ, ಮೊದಲು ಬೀಳುವ ಅರ್ಧ ಚೀಲ ಬೇರೆ ಇಡಿ. ಬಿತ್ತನೆಬೀಜಕ್ಕೂ ಇದು ಒಳ್ಳೆಯದು.

3. ಶೇಂಗಾ ಚೀಲ ಶೇಂಗಾಕ್ಕೇ ಇರಲಿ. ಚೀಲದ ಬಾಯಿಗೆ ಬಣ್ಣದ ದಾರ ಕಟ್ಟಿದರೆ ಗುರುತು ಸುಲಭ.

4. ಮಾರುವ ಹಿಟ್ಟನ್ನು ಗಿರಣಿಯಲ್ಲಿ ಬೀಸಿಸುವುದಾದರೆ ಹಿಂದೆ ಏನು ಬೀಸಿದರು ಎಂದು ಕೇಳಿ. ಮೊದಲ ಎರಡು ಮೂರು ಕಿಲೋ ಮನೆಗೆ ಇಟ್ಟುಕೊಳ್ಳಿ. ಹೀಗೆ ಮಾಡಿದರೂ ಪರೀಕ್ಷೆ ಮಾಡಿಸದೆ ‘ಗ್ಲುಟೆನ್ ಇಲ್ಲ’ ಎಂದು ಬರೆಯಬೇಡಿ.

5. ಗಾಣದ ಶೇಂಗಾ ಎಣ್ಣೆಯಲ್ಲಿ ಪ್ರೋಟೀನಿನ ಅಂಶ ಉಳಿದಿರುತ್ತದೆ. ಕಂಪೆನಿಯ ಶುದ್ಧೀಕರಿಸಿದ ಎಣ್ಣೆಯಲ್ಲಿ ಬಹುತೇಕ ಹೋಗಿರುತ್ತದೆ. ಗಾಣದೆಣ್ಣೆಯಲ್ಲಿ ಕರಿದ ತಿಂಡಿಯಾದರೆ ಅದನ್ನು ಹೆಮ್ಮೆಯಿಂದ ಬರೆಯಿರಿ. ರುಚಿ ಬಯಸುವವರು ಕೊಳ್ಳುತ್ತಾರೆ, ಆಗದವರು ಬಿಡುತ್ತಾರೆ.

6. ಜಾತ್ರೆ, ಶಾಲೆ, ಅಂಗನವಾಡಿಯಲ್ಲಿ ಮಕ್ಕಳಿಗೆ ತಿಂಡಿ ಹಂಚುವಾಗ ‘ಇದರಲ್ಲಿ ಶೇಂಗಾ ಐತೆ’ ಎಂದು ಒಂದು ಮಾತು ಹೇಳಿ.

ಯಾರಿಗಾದರೂ ತಿಂದ ಸ್ವಲ್ಪ ಹೊತ್ತಿನಲ್ಲೇ ಮೈಯೆಲ್ಲ ದದ್ದು, ತುಟಿ ಊತ, ವಾಂತಿ, ಉಬ್ಬಸ, ತಲೆಸುತ್ತು ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ. 108ಕ್ಕೆ ಫೋನು ಮಾಡಿ. ಮಲಗಿಸಿ ಕಾಲು ಎತ್ತರದಲ್ಲಿಡಿ. ಉಸಿರಾಟ ಕಷ್ಟವಾದರೆ ಒರಗಿಸಿ ಕೂರಿಸಿ, ನಡೆಸಬೇಡಿ. ಆಸ್ಪತ್ರೆಯಲ್ಲಿ ಏನು ತಿಂದರು ಎಂದು ಮೊದಲೇ ಹೇಳಿ. ಇದಕ್ಕೆ ಮುಖ್ಯ ಮದ್ದು ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಅಲರ್ಜಿ ಮಾತ್ರೆ ನುಂಗಿಸಿ ಕಾಯುವುದು ಸರಿಯಲ್ಲ. ತಿಂಡಿಯ ಪೊಟ್ಟಣ ಬಿಸಾಡದೆ ಜೊತೆಗೆ ಒಯ್ಯಿರಿ.

ಮಂಡಿಯಲ್ಲಿ ನಮ್ಮ ಚೀಲ ನೋಡುವವರು ತೇವ ನೋಡುತ್ತಾರೆ, ಕಲ್ಲು ಮಣ್ಣು ನೋಡುತ್ತಾರೆ. ಹಿಂದೆ ಈ ಚೀಲದಲ್ಲಿ ಏನಿತ್ತು ಎಂದು ನನ್ನನ್ನು ಈ ತನಕ ಯಾರೂ ಕೇಳಿಲ್ಲ. ಹಾಗಾಗಿ ಇಷ್ಟು ಜತನ ಮಾಡಿದರೆ ಕ್ವಿಂಟಾಲಿಗೆ ಹತ್ತು ರೂಪಾಯಿ ಜಾಸ್ತಿ ಸಿಗುತ್ತದೆ ಎಂದು ನಾನು ಆಸೆ ಹುಟ್ಟಿಸುವುದಿಲ್ಲ. ಆದರೆ ರೈತ ಉತ್ಪಾದಕರ ಕಂಪೆನಿ ಮಾಡಿಕೊಂಡವರು, ನೇರವಾಗಿ ಊಟದ ತಟ್ಟೆಗೆ ಮಾರುವವರು ಈಗ ಹಳ್ಳಿ ಹಳ್ಳಿಯಲ್ಲೂ ಇದ್ದಾರೆ. ಅವರನ್ನು ಗಿರಾಕಿ ಕೇಳುತ್ತಾನೆ. ಕೇಳಿದಾಗ ಉತ್ತರ ಗೊತ್ತಿರಬೇಕಾದರೆ ಹೊಲದಿಂದಲೇ ಲೆಕ್ಕ ಇಟ್ಟಿರಬೇಕು. ನಿಮ್ಮೂರಿನ ಸಂಘಗಳಲ್ಲಿ ಬೇರೆ ಯಾವ ಉಪಾಯ ಮಾಡಿಕೊಂಡಿದ್ದೀರಿ ಎಂದು ಪತ್ರಿಕೆಗೆ ಬರೆಯಿರಿ. ಬಾಡಿಗೆ ಮಿಷನ್ನನ್ನು ಕಡಿಮೆ ಹೊತ್ತಿನಲ್ಲಿ ಸ್ವಚ್ಛ ಮಾಡುವ ದಾರಿ ಯಾರಿಗಾದರೂ ತಿಳಿದಿದ್ದರೆ ನನಗಂತೂ ಬಹಳ ಉಪಯೋಗ.